ಆಣೆ ಒಂದು ದಿನದ್ದು, ಸಂಗ ದಿನದಿನದ್ದು



ಸೋಮವಾರ, ಅಮಾವಾಸ್ಯೆ ಬಂತೆಂದರೆ ನಮ್ಮ ಮಠದ ಪಡಸಾಲೆಯಲ್ಲಿ ತಾಯಂದಿರ ಸಾಲು ನಿಲ್ಲುತ್ತದೆ. ಒಬ್ಬರು ಮಳೆಯ ಮಾತು ತೆಗೆಯುತ್ತಾರೆ, ಒಬ್ಬರು ಮಗಳ ಮದುವೆಯ ಮಾತು ತೆಗೆಯುತ್ತಾರೆ. ಆದರೆ ಎಲ್ಲರೂ ಹೋದ ಮೇಲೆ ಕಂಬದ ಮರೆಯಲ್ಲಿ ಉಳಿಯುವ ಒಬ್ಬಿಬ್ಬರು ಇರುತ್ತಾರೆ. ಅವರ ಮಾತು ಯಾವುದೆಂದು ಅವರು ಬಾಯಿ ತೆರೆಯುವ ಮೊದಲೇ ನಮಗೆ ತಿಳಿಯುತ್ತದೆ. ಮಗನೋ ಗಂಡನೋ ಕುಡಿತಕ್ಕೆ ಬಿದ್ದಿರುತ್ತಾನೆ. "ಅಜ್ಜಾರ, ಅವನ ತಲಿ ಮ್ಯಾಲೆ ಕೈಯಿಟ್ಟು ಒಂದು ಆಣಿ ಮಾಡಿಸ್ರಿ" ಎಂಬುದಷ್ಟೇ ಅವರ ಬೇಡಿಕೆ.

ನಾವು ಬಹಳ ವರ್ಷ ಹಾಗೆಯೇ ಮಾಡುತ್ತ ಬಂದೆವು. ಕರೆಸಿ ಎದುರಿಗೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಇಷ್ಟಲಿಂಗ ಮುಟ್ಟಿಸಿ ಆಣೆ ಮಾಡಿಸಿದೆವು. ಪ್ರಸಾದ ಕೊಟ್ಟು ಕಳಿಸಿದೆವು. ಆಣೆ ಮಾಡುವಾಗ ಅವರ ಕಣ್ಣಲ್ಲಿ ನೀರು ಬರುವುದನ್ನು ಕಂಡಿದ್ದೇವೆ. ಆ ಕಣ್ಣೀರು ಸುಳ್ಳಿನದಲ್ಲ. ಆದರೆ ಆಣೆ ಮಾಡಿ ಹೋದವನು ಆರನೆಯ ದಿನ, ಅರವತ್ತನೆಯ ದಿನ ಏನಾದ ಎಂದು ನಾವು ಎಷ್ಟು ಸಲ ವಿಚಾರಿಸಿದೆವು? ಇಂದು ಈ ಅಂಕಣದಲ್ಲಿ ಅನ್ಯರ ತಪ್ಪು ಹೇಳುವ ಮೊದಲು ನಮ್ಮ ತಪ್ಪನ್ನು ನಾವು ಹೇಳಿಕೊಳ್ಳಬೇಕಾಗಿದೆ.

ಒಬ್ಬ ಭಕ್ತನ ಸಂಗತಿ ಹೇಳುತ್ತೇವೆ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಊರು, ಹೆಸರು ಬೇಡ. ನಾಲ್ಕೆಕರೆ ಒಣಬೇಸಾಯದ ರೈತ. ದುಡಿಮೆಯಲ್ಲಿ ಗಟ್ಟಿಗ. ಮೂರು ಸಲ ನಮ್ಮೆದುರು ಆಣೆ ಮಾಡಿದ. ಮೊದಲನೆಯದು ಶಿವರಾತ್ರಿಯಂದು, ಎರಡನೆಯದು ಶ್ರಾವಣ ಸೋಮವಾರ, ಮೂರನೆಯದು ಯುಗಾದಿಯ ಪಾಡ್ಯದಂದು. ಮೂರೂ ಮುರಿದವು. ಮೂರನೆಯದು ಮುರಿದ ಮೇಲೆ ಅವನು ಮಠದ ಕಡೆ ಸುಳಿಯುವುದನ್ನೇ ಬಿಟ್ಟ. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯುತ್ತಿದ್ದವನು ತೇರಿನ ದಿನ ಊರಲ್ಲೇ ಇರದಂತಾದ. ಒಂದು ದಿನ ಅವನ ತಾಯಿ ಬಂದು ಹೇಳಿದಳು: "ಅಜ್ಜಾರ, ನನ್ನ ಮಗ ಕುಡಿಯೂದಕ್ಕ ಹೆದರೂದಿಲ್ರಿ. ನಿಮ್ಮ ಮುಂದ ಬರಾಕ ಹೆದರತಾನ್ರಿ."

ಆ ತಾಯಿಯ ಮಾತು ನಮ್ಮನ್ನು ಅಂದು ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಕುಡಿತ ಬಿಡಿಸಲೆಂದು ಮಾಡಿಸಿದ ಆಣೆ ಕುಡಿತವನ್ನು ಬಿಡಿಸಲಿಲ್ಲ, ಮಠವನ್ನು ಬಿಡಿಸಿತು. ಕಷ್ಟ ಬಂದಾಗ ಓಡಿ ಬರಬೇಕಾದ ಬಾಗಿಲನ್ನು ನಾವೇ ಅವನ ಪಾಲಿಗೆ ಮುಚ್ಚಿದಂತಾಯಿತು. ಆಣೆ ಮುರಿದವನಿಗೆ ಎರಡು ಭಾರ. ಕುಡಿದ ಪಾಪದ್ದೊಂದು, ದೇವರಿಗೆ ಸುಳ್ಳು ಹೇಳಿದ ಪಾಪದ್ದೊಂದು. ಆ ಎರಡು ಭಾರವನ್ನು ಮರೆಯಲು ಅವನಿಗೆ ಗೊತ್ತಿರುವ ಔಷಧ ಒಂದೇ. ಅದು ಮತ್ತೆ ಅದೇ ಅಂಗಡಿಯಲ್ಲಿ ಸಿಗುತ್ತದೆ.

ಹಾಗಾದರೆ ಆಣೆ ವ್ಯರ್ಥವೆ ಎಂದು ನೀವು ಕೇಳಬಹುದು. ವ್ಯರ್ಥವಲ್ಲ. ನಮ್ಮ ನಾಡಿನಲ್ಲಿಯೇ ಇಳಕಲ್ಲಿನ ಶ್ರೀ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಕಾಣಿಕೆ ಬೇಡಲಿಲ್ಲ, ಕಾಳುಕಡಿ ಬೇಡಲಿಲ್ಲ. ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆ ಹಿಡಿದ ಆ ಕೈ ದೊಡ್ಡದು. ನಮ್ಮ ಮಾತು ಜೋಳಿಗೆಗೆ ಬಿದ್ದ ನಂತರದ ದಿನಗಳನ್ನು ಕುರಿತದ್ದು. ಬೀಜ ಬಿತ್ತುವುದು ಒಂದು ಮುಂಜಾನೆಯ ಕೆಲಸ. ಬೆಳೆ ಕಾಯುವುದು ನಾಲ್ಕು ತಿಂಗಳ ಕೆಲಸ. ಬಿತ್ತಿ ಮನೆಗೆ ಬಂದು ಮಲಗುವ ಒಕ್ಕಲಿಗ ಎಲ್ಲಿಯೂ ಇಲ್ಲ. ಆಣೆಯ ವಿಷಯದಲ್ಲಿ ಮಾತ್ರ ನಾವೆಲ್ಲ ಹಾಗೆ ಮಲಗುತ್ತೇವೆ.

ಆ ರೈತನ ಕಥೆ ಮುಂದೆ ಹೀಗಾಯಿತು. ಮಠಕ್ಕೆ ಬರಲಾರದೆ ಅವನು ಮನೆಯಲ್ಲಿಯೇ ಒಂದು ದಿನ ಹಟ ಹಿಡಿದು ಕುಡಿತ ನಿಲ್ಲಿಸಿದ. ಮರುದಿನ ಸಂಜೆಗೆ ಮೈಯೆಲ್ಲ ಬೆವರು, ಕೈ ನಡುಕ. ರಾತ್ರಿ ಮೂರ್ಛೆ ಬಂದು ಬಿದ್ದ. ಮನೆಯವರು ದೆವ್ವ ಬಡಿದಿದೆ ಎಂದು ನಿಂಬೆಹಣ್ಣು ಹುಡುಕುತ್ತಿದ್ದಾಗ ಪಕ್ಕದ ಮನೆಯ ಹುಡುಗನೊಬ್ಬ ಬುದ್ಧಿವಂತಿಕೆ ಮಾಡಿ ಜಿಲ್ಲಾ ಆಸ್ಪತ್ರೆಗೆ ಒಯ್ದ. ಅದರಿಂದ ಜೀವ ಉಳಿಯಿತು.

ಹಿರಿಯರು ಈ ಮಾತನ್ನು ಗಮನವಿಟ್ಟು ಕೇಳಬೇಕು. ಹಲವು ವರ್ಷ ದಿನವೂ ಹೆಚ್ಚು ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಮೂರ್ಛೆ ಬರಬಹುದು. ಮೂರನೆಯ ನಾಲ್ಕನೆಯ ದಿನ ಬುದ್ಧಿ ಭ್ರಮಿಸಿ, ಇಲ್ಲದ ಹಾವು ಹುಳುಗಳು ಕಾಣಬಹುದು, ಯಾರೋ ಕೂಗಿದಂತೆ ಕೇಳಬಹುದು. ಇದು ದೆವ್ವವಲ್ಲ, ಮದ್ಯಕ್ಕೆ ಒಗ್ಗಿಹೋದ ಮಿದುಳು ಅದಿಲ್ಲದೆ ತತ್ತರಿಸುವ ಬಗೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೆ ಅಪಾಯವುಂಟು. ವೈದ್ಯರ ಬಳಿ ಇದಕ್ಕೆ ಔಷಧವಿದೆ. ಬಿ-1 ಜೀವಸತ್ವದ ಚುಚ್ಚುಮದ್ದಿದೆ. ಆದ್ದರಿಂದ ಅಂಥವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎಂಬ ಸಾಹಸ ಬೇಡ. ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿ, ಮಾತ್ರೆಗಳ ಜಾಹೀರಾತನ್ನೂ ನಂಬಬೇಡಿರಿ. ವೈದ್ಯರು ಕುಡಿತ ಬಿಡಿಸಲು ಕೊಡುವ ಕೆಲವು ಮಾತ್ರೆಗಳು ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದರೆ ಎದೆ ಹಾರಿ, ರಕ್ತದ ಒತ್ತಡ ಕುಸಿದು ಜೀವಕ್ಕೆ ಕುತ್ತು ಬರಬಹುದು. ಕುಡಿಯುವವನಿಗೆ ತಿಳಿಸಿ, ಅವನು ಒಪ್ಪಿ, ವೈದ್ಯರು ನೋಡಿಕೊಂಡಾಗ ಮಾತ್ರ ಅದು ಔಷಧ. ಕದ್ದು ಹಾಕಿದರೆ ವಿಷವಾಗುತ್ತದೆ.

ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಹೊರಡುವಾಗ ಅಲ್ಲಿಯ ಸಮಾಜ ಕಾರ್ಯಕರ್ತೆ ಆ ರೈತನಿಗೆ ಒಂದು ಮಾತು ಹೇಳಿದಳಂತೆ: "ನಾವು ನಿಮ್ಮ ಮೈಯಿಂದ ಮದ್ಯ ತೆಗೆದಿದ್ದೇವೆ. ಮನಸ್ಸಿನಿಂದ ತೆಗೆಯುವವರು ಬೇರೆ ಕಡೆ ಇದ್ದಾರೆ. ಭಾನುವಾರ ಸಂಜೆ ಈ ಪಟ್ಟಣದ ಶಾಲೆಯೊಂದರ ಕೋಣೆಯಲ್ಲಿ ಸೇರುತ್ತಾರೆ." ಹೀಗೆ ಅವನು ಹೋದದ್ದು ಕುಡಿತ ಬಿಟ್ಟವರ, ಬಿಡಬೇಕೆಂದಿರುವವರ ಸಭೆಗೆ. ಪಟ್ಟಣದ ಜನ ಅದನ್ನು ಎ.ಎ. ಸಭೆ ಎನ್ನುತ್ತಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬುದು ಅದರ ಪೂರ್ಣ ಹೆಸರು. ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಕೂಟ ಎಂದು ಅರ್ಥ.

ಈ ಕೂಟ ಹುಟ್ಟಿದ ಬಗೆ ತಿಳಿಯತಕ್ಕದ್ದು. 1935ರಲ್ಲಿ ಅಮೆರಿಕದ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬವನು ವ್ಯವಹಾರಕ್ಕೆಂದು ಓಹಿಯೋ ರಾಜ್ಯದ ಆಕ್ರನ್ ಎಂಬ ಊರಿಗೆ ಹೋದ. ಕುಡಿತದಿಂದ ಮನೆತನ ಹಾಳುಮಾಡಿಕೊಂಡು, ಕೆಲವೇ ತಿಂಗಳ ಹಿಂದೆ ಬಿಟ್ಟಿದ್ದವನು. ಹೋದ ವ್ಯವಹಾರ ಕೈಕೊಟ್ಟಿತು. ಪರಸ್ಥಳ, ಕೈಯಲ್ಲಿ ಹಣವಿಲ್ಲ, ಇಳಿದುಕೊಂಡ ಹೋಟೆಲಿನಲ್ಲಿಯೇ ಮದ್ಯದ ಕೋಣೆ. ಅತ್ತ ಕಾಲಿಟ್ಟರೆ ಎಲ್ಲ ಮುಗಿಯಿತು. ಅವನು ಅತ್ತ ಹೋಗದೆ ಟೆಲಿಫೋನಿನ ಕಡೆ ಹೋದ. ಊರಿನ ಧರ್ಮಗುರುಗಳಿಗೆ ಫೋನು ಮಾಡಿ, ಕುಡಿತದಿಂದ ನರಳುವ ಒಬ್ಬ ಮನುಷ್ಯನ ಪರಿಚಯ ಮಾಡಿಸಿರಿ, ಅವನೊಡನೆ ನಾನು ಮಾತಾಡಬೇಕು ಎಂದು ಕೇಳಿದ. ಬುದ್ಧಿ ಹೇಳುವವರನ್ನು ಅವನು ಹುಡುಕಲಿಲ್ಲ, ತನ್ನಂಥವನನ್ನು ಹುಡುಕಿದ.

ಹಾಗೆ ಸಿಕ್ಕವನು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಕಾಲು ಗಂಟೆ ಮಾತ್ರ ಕೂರುತ್ತೇನೆ ಎಂದು ಬಂದವನು ಗಂಟೆಗಟ್ಟಲೆ ಕುಳಿತ. ಅದುವರೆಗೆ ಅವನಿಗೆ ಉಪದೇಶ ಮಾಡಿದವರು ಬೇಕಾದಷ್ಟು ಜನ. ತಾನೂ ಹೀಗೆಯೇ ಇದ್ದೆ ಎಂದು ಹೇಳಿದವನು ಇವನೇ. ಇಷ್ಟಾಗಿಯೂ ಕೆಲವು ವಾರಗಳಲ್ಲಿ ಆ ವೈದ್ಯ ಮತ್ತೊಮ್ಮೆ ಜಾರಿ ಬಿದ್ದ. ಎದ್ದು ಬಂದು 1935ರ ಜೂನ್ 10ರಂದು ಕಡೆಯ ಗುಟುಕು ಕುಡಿದ. ಆ ದಿನವನ್ನೇ ಈ ಕೂಟ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಒಬ್ಬ ಜಾರಿ ಬಿದ್ದು ಎದ್ದ ದಿನವನ್ನು ಹುಟ್ಟುಹಬ್ಬವಾಗಿ ಎಣಿಸುವ ಸಂಸ್ಥೆ ಬಿದ್ದವರನ್ನು ಹೀನೈಸಲಾರದು. 1950ರ ದಶಕದಲ್ಲಿ ಇದು ನಮ್ಮ ದೇಶಕ್ಕೂ ಬಂತು.

ಆ ಸಭೆಯಲ್ಲಿ ಏನು ನಡೆಯುತ್ತದೆ? ಹತ್ತೋ ಇಪ್ಪತ್ತೋ ಜನ ಒಂದು ಗಂಟೆ, ಒಂದೂವರೆ ಗಂಟೆ ಕೂರುತ್ತಾರೆ. ಒಬ್ಬೊಬ್ಬರಾಗಿ ಎದ್ದು ಮನೆಯವರು ಕರೆಯುವ ಹೆಸರಷ್ಟನ್ನೇ ಹೇಳಿ, ನಾನೊಬ್ಬ ಕುಡಿತದ ರೋಗಿ ಎಂದು ಒಪ್ಪಿಕೊಳ್ಳುತ್ತಾರೆ. ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂದು ತನ್ನದನ್ನು ಮಾತ್ರ ಹೇಳುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ವಾದ ಮಾಡುವಂತಿಲ್ಲ. ಜಾತಿ, ಪಂಥ, ಪಕ್ಷ ಕೇಳುವುದಿಲ್ಲ. ಸೇರಲು ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಜೀವಮಾನವಿಡೀ ಬಿಡುತ್ತೇನೆಂದು ಯಾರೂ ಆಣೆ ಮಾಡುವುದಿಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ ಎಂದಷ್ಟೇ ನಿಶ್ಚಯ. ನಾಳೆ ಬೆಳಗಾದರೆ ಅದೇ ನಿಶ್ಚಯ ಮತ್ತೆ.

ನಮ್ಮ ರೈತ ಮೊದಲ ದಿನ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು ಬಾಯಿ ಬಿಡದೆ ಎದ್ದು ಬಂದನಂತೆ. ಮುಂದೊಮ್ಮೆ ನಮ್ಮ ಬಳಿ ಬಂದಾಗ, ಅಲ್ಲಿ ನಿನಗೇನು ಹಿಡಿಸಿತಪ್ಪ ಎಂದು ಕೇಳಿದೆವು. "ಅಲ್ಲಿ ಯಾರೂ ನನಗ ಬುದ್ಧಿ ಹೇಳಲಿಲ್ರಿ ಅಜ್ಜಾರ" ಎಂದ. ಬುದ್ಧಿ ಹೇಳುವುದನ್ನೇ ಕಾಯಕ ಮಾಡಿಕೊಂಡ ನಮಗೆ ಆ ಮಾತು ಚುರುಕೆಂದಿತು. ಆದರೂ ಅದು ನಿಜ. ಕುಡಿತ ಕೆಟ್ಟದ್ದೆಂದು ಕುಡಿಯುವವನಿಗೆ ಗೊತ್ತಿಲ್ಲವೆ? ಹೆಂಡತಿಯ ಕೊರಳು ಬರಿದಾದದ್ದನ್ನು ಅವನು ನೋಡಿಲ್ಲವೆ? ಅವನಿಗೆ ಬೇಕಾದದ್ದು, ಇದೇ ಹೊಂಡದಲ್ಲಿ ಬಿದ್ದು ಹತ್ತಿ ಬಂದವನು, ಕಾಲಿಡಬೇಕಾದ ಕಲ್ಲು ಯಾವುದೆಂದು ತೋರಿಸುವುದು. ಈಜು ಬಾರದವನು ದಂಡೆಯ ಮೇಲೆ ನಿಂತು ಕೂಗಿದರೆ ಮುಳುಗುವವನಿಗೆ ಆಗುವ ಲಾಭವೇನು?

ಕೆಲವು ಹಿರಿಯರು ಸಂಶಯ ಪಡುತ್ತಾರೆ. ಪರದೇಶದಲ್ಲಿ, ಪರಧರ್ಮದವರ ನಡುವೆ ಹುಟ್ಟಿದ ಕೂಟ, ನಮ್ಮ ಹುಡುಗರ ಕೊರಳ ಲಿಂಗ ತೆಗೆಸಿದರೆ ಎಂಬ ಭಯ ಅವರದು. ನಾವೂ ವಿಚಾರಿಸಿ ನೋಡಿದ್ದೇವೆ. ಆ ಕೂಟ ಯಾವ ಮತಕ್ಕೂ ಸೇರಿದ್ದಲ್ಲ. ತನಗಿಂತ ಹಿರಿದಾದ ಶಕ್ತಿಯೊಂದನ್ನು ನಂಬಿ ಅದಕ್ಕೆ ತನ್ನನ್ನು ಒಪ್ಪಿಸಿಕೊಳ್ಳಬೇಕೆಂದು ಹೇಳುತ್ತದೆ. ಆ ಶಕ್ತಿಯ ರೂಪ, ಹೆಸರು ಅವರವರ ತಿಳಿವಿಗೆ ಬಿಟ್ಟದ್ದು. ನಮ್ಮ ರೈತ ಇಂದಿಗೂ ಬೆಳಗ್ಗೆ ಲಿಂಗಪೂಜೆ ಮುಗಿಸಿ, ಇವತ್ತೊಂದು ದಿನ ಕಾಯಪ್ಪ ಶಿವನೆ ಎಂದು ಬೇಡಿಕೊಂಡೇ ಹೊಲಕ್ಕೆ ಹೋಗುತ್ತಾನೆ. ಮೊದಲಿಗಿಂತ ಈಗ ಅವನ ಪೂಜೆ ಹೆಚ್ಚು ನಿಜವಾಗಿದೆ ಎಂದು ನಮಗೆ ಅನಿಸಿದೆ.

ಇನ್ನು, ತನ್ನ ಅನುಭವವನ್ನು ನಾಲ್ಕು ಜನರ ಮುಂದೆ ಇಟ್ಟು ಹಗುರಾಗುವುದು ನಮಗೆ ಹೊಸದೆ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗ, ಮಡಿವಾಳ, ಸಮಗಾರ ಎಂಬ ಭೇದವಿಲ್ಲದೆ ಶರಣರು ಕೂಡಿ ಕುಳಿತು ತಮ್ಮ ಅನುಭಾವವನ್ನು ಬಿಚ್ಚಿ ಮಾತಾಡಿದರು. ಹೆಂಡ ಮಾರುವ ಕಾಯಕದಿಂದ ಬಂದವನೆಂದು ಹೆಸರೇ ಹೇಳುವ ಹೆಂಡದ ಮಾರಯ್ಯನಿಗೂ ಆ ಶರಣರ ಸಾಲಿನಲ್ಲಿ ಸ್ಥಾನವಿದೆ, ಅವನ ವಚನಗಳು ಇಂದಿಗೂ ಉಳಿದಿವೆ. ಅದೂ ಇದೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಹೆಂಡದ ಹೆಸರು ಹೊತ್ತವನಿಗೂ ಜಾಗ ಕೊಟ್ಟ ಪರಂಪರೆಯ ನಾವು, ಹೆಂಡದಿಂದ ನೊಂದವರು ಕೂಡಿ ಕೂರುವ ಜಾಗವನ್ನು ಪರರದೆಂದು ದೂರುವುದು ಸಲ್ಲದು.

ಇದರಿಂದ ನಿಜವಾಗಿ ಫಲವಿದೆಯೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೆ. ಈ ಕೂಟಗಳನ್ನೂ, ಜನರನ್ನು ಅವುಗಳಿಗೆ ಕಳಿಸುವ ಚಿಕಿತ್ಸಾ ಕ್ರಮವನ್ನೂ ಕುರಿತು ನಡೆದ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಸಂಗತಿಯನ್ನು ಒಟ್ಟಿಗೆ ಇಟ್ಟು ತೂಗಿದ ವರದಿಯೊಂದು 2020ರಲ್ಲಿ ಪ್ರಕಟವಾಯಿತು. ಹೆಸರಾಂತ ಇತರ ಚಿಕಿತ್ಸೆಗಳಿಗೆ ಹೋಲಿಸಿದರೆ, ಪೂರ್ತಿಯಾಗಿ ಕುಡಿತ ಬಿಟ್ಟು ಉಳಿಯುವವರ ಸಂಖ್ಯೆ ಈ ದಾರಿಯಲ್ಲಿ ಹೆಚ್ಚು ಎಂದು ಅದು ಕಂಡಿತು. ಎಲ್ಲರಿಗೂ ಇದೇ ಮದ್ದು ಎಂದು ಇದರ ಅರ್ಥವಲ್ಲ. ಕೆಲವರಿಗೆ ವೈದ್ಯರ ಮಾತ್ರೆ ಬೇಕು, ಕೆಲವರಿಗೆ ಆಪ್ತಸಲಹೆ ಬೇಕು, ಬಹಳ ಜನರಿಗೆ ಎರಡೂ ಬೇಕು. ಒಂದು ಮತ್ತೊಂದಕ್ಕೆ ಅಡ್ಡಿಯಲ್ಲ.

ಹಾಗಾದರೆ ಇಂಥ ಸಭೆಯನ್ನು ಹಳ್ಳಿಯವರು ಹುಡುಕುವುದು ಹೇಗೆ? ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿರಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗಳಲ್ಲಿ ಕುಡಿತದ ರೋಗಕ್ಕೆ ಚಿಕಿತ್ಸೆಯೂ ಇದೆ, ಮುಂದಿನ ದಾರಿ ಹೇಳುವವರೂ ಇದ್ದಾರೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಎರಡಕ್ಕೂ ಹಣ ಕೊಡಬೇಕಿಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿರುವುದು ನಿಮಗೆ ಗೊತ್ತು. ಶಿಬಿರ ಮುಗಿಸಿದವರು ಕೂಡಿ ಕೂರಲೆಂದೇ ಅವರು ನವಜೀವನ ಸಮಿತಿಗಳನ್ನು ಮಾಡಿದ್ದಾರೆ. ಶಿಬಿರಕ್ಕಷ್ಟೇ ಹೋಗಿ ಬಂದು ಸಮಿತಿಗೆ ಹೋಗದವರು ಅರ್ಧ ಔಷಧ ಕುಡಿದು ಸೀಸೆ ಬಿಸಾಕಿದ ರೋಗಿಯಂತೆ.

ಮೊದಲ ಸಲ ಒಬ್ಬನನ್ನೇ ಕಳಿಸಬೇಡಿರಿ. ಅವನು ಬಸ್ಸಿಳಿದ ಜಾಗದಿಂದ ಸಭೆಯ ಬಾಗಿಲಿಗೆ ಹೋಗುವಷ್ಟರಲ್ಲಿ ನಾಲ್ಕು ಅಂಗಡಿಗಳಿರುತ್ತವೆ. ನಂಬಿಕೆಯ ಒಬ್ಬರು ಬಾಗಿಲವರೆಗೆ ಜೊತೆಗಿರಲಿ, ಮರಳಿ ಬರುವಾಗಲೂ ಇರಲಿ. ಕೆಲವು ಸಭೆಗಳಿಗೆ ಯಾರು ಬೇಕಾದರೂ ಬರಬಹುದು, ಕೆಲವು ಕುಡಿತದಿಂದ ನೊಂದವರಿಗೆ ಮಾತ್ರ. ಅದನ್ನು ಮೊದಲೇ ಕೇಳಿ ತಿಳಿಯಿರಿ. ಅಲ್ಲಿ ಮಾತಾಡಲೇಬೇಕೆಂಬ ಬಲವಂತವಿಲ್ಲ. ಮೊದಲ ದಿನ ಹಿಡಿಸದಿದ್ದರೆ ಅದೇ ಕಡೆಯೆಂದು ಬಿಡಬಾರದು. ಒಂದೊಂದು ಕೂಟದ್ದು ಒಂದೊಂದು ಹದ. ನಾಲ್ಕಾರು ಸಲ ಹೋಗಬೇಕು, ಆಗದಿದ್ದರೆ ಮತ್ತೊಂದು ಕೂಟ ನೋಡಬೇಕು. ಅಲ್ಲಿ ಕೆಲವು ವರ್ಷ ಮುಂದೆ ನಡೆದವನೊಬ್ಬನನ್ನು ಅಣ್ಣನಂತೆ ಹಿಡಿದುಕೊಳ್ಳಬೇಕು. ಸಂಜೆ ಮನಸ್ಸು ಹೊಯ್ದಾಡಿದಾಗ ಅಂಗಡಿಗೆ ಹೋಗುವ ಮೊದಲು ಅವನಿಗೆ ಫೋನು ಮಾಡಬೇಕು. ಬಿಲ್ ವಿಲ್ಸನ್ ಆ ಹೋಟೆಲಿನಲ್ಲಿ ಮಾಡಿದ್ದೂ ಇದನ್ನೇ.

ಮನೆಯವರಿಗೂ ಎರಡು ಮಾತು. ಕುಡಿಯುವವರ ಹೆಂಡಿರು, ಮಕ್ಕಳು, ತಂದೆತಾಯಿಗಳು ಕೂಡುವ ಕೂಟವೂ ಬೇರೆಯಾಗಿ ಇದೆ. ಬಿಲ್ಲನ ಹೆಂಡತಿ ಲೋಯಿಸ್ ವಿಲ್ಸನ್ ಮತ್ತು ಅವಳ ಗೆಳತಿ ಸೇರಿ 1951ರಲ್ಲಿ ಆರಂಭಿಸಿದ್ದು. ಅಲ್-ಅನಾನ್ ಎಂದು ಅದರ ಹೆಸರು. ಗಂಡ ಕುಡಿಯುವುದು ನಿನ್ನ ತಪ್ಪಿನಿಂದಲ್ಲ ತಾಯಿ, ಅವನನ್ನು ಬಿಡಿಸುವ ಪೂರ್ತಿ ಹೊಣೆಯೂ ನಿನ್ನದಲ್ಲ ಎಂದು ಅಲ್ಲಿ ಕಲಿಯುತ್ತಾರೆ. ಕುಡಿದು ಬಂದು ಹೊಡೆಯುವುದನ್ನು ಸಹಿಸಿಕೋ ಎಂದು ನಾವು ಯಾವ ಮಗಳಿಗೂ ಹೇಳುವುದಿಲ್ಲ, ಹಿರಿಯರೂ ಹೇಳಬಾರದು. ಅದಕ್ಕೆ 2005ರ ಕಾನೂನಿದೆ, 181 ಎಂಬ ಮಹಿಳಾ ಸಹಾಯವಾಣಿಯಿದೆ, ತವರುಮನೆಯಿದೆ. ಹೆಣ್ಣುಮಕ್ಕಳಲ್ಲಿಯೂ ಕುಡಿತಕ್ಕೆ ಸಿಕ್ಕವರಿದ್ದಾರೆ. ನಾಚಿಕೆಯಿಂದ ಅವರ ನೋವು ಇನ್ನೂ ಒಳಗೇ ಉಳಿಯುತ್ತದೆ. ಅವರಿಗೂ ಇದೇ ದಾರಿ, ಇದೇ ಕರುಣೆ.

ಊರ ಹಿರಿಯರೆ, ನಿಮ್ಮ ಮನೆಯಲ್ಲೊಬ್ಬ ಕುಡಿಯುವ ಹುಡುಗನಿದ್ದರೆ, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಮಾತು ಇನ್ನಾದರೂ ನಿಲ್ಲಲಿ. ಅದರಿಂದ ಅವನು ಸರಿಹೋಗುವುದಿಲ್ಲ, ಒಂದು ಹೆಣ್ಣಿನ ಬಾಳು ಹಾಳಾಗುತ್ತದೆ. ಬಿಟ್ಟವನನ್ನು ಮದುವೆಯ ಮನೆಯಲ್ಲಿ, ಕಣದ ರಾಶಿಯ ದಿನ, ಚುನಾವಣೆಯ ಗದ್ದಲದಲ್ಲಿ "ಇವತ್ತೊಂದಿನ ಏನಾಗ್ತದೋ" ಎಂದು ಎಳೆಯುವ ಗೆಳೆಯರನ್ನು ನೀವೇ ಗದರಿಸಬೇಕು. ಅವನು ಬಿಟ್ಟು ವರ್ಷವಾದರೂ ಕುಡುಕನ ಮನೆ ಎಂದೇ ಗುರುತು ಹೇಳುವ ನಾಲಿಗೆಗೆ ಕಡಿವಾಣ ಹಾಕಬೇಕು.

ಸರ್ಕಾರ ಅಂಗಡಿಗೆ ಲೈಸೆನ್ಸು ಕೊಟ್ಟು ತೆರಿಗೆ ಎಣಿಸುವಾಗ ನಾವು ಸಭೆ ನಡೆಸಿ ಏನು ಫಲ ಎಂದು ಸಿಟ್ಟಿನಿಂದ ಕೇಳುವವರಿದ್ದಾರೆ. ಆ ಸಿಟ್ಟು ನಮಗೂ ಇದೆ. ಪಾನನಿಷೇಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿಯೇ ಹೇಳುತ್ತದೆ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಆದರೆ ಅಂಗಡಿಯಲ್ಲಿ ಬೇರೆ ಹೆಸರಿನ ಮದ್ಯ ಉಳಿಯಿತು. ಅಂಗಡಿ ಮುಚ್ಚಿಸುವ ತಾಯಂದಿರ ಹೋರಾಟ ನಡೆಯಲಿ, ನಮ್ಮ ಬೆಂಬಲ ಅದಕ್ಕಿದೆ. ಆದರೆ ಎಲ್ಲ ಅಂಗಡಿ ಮುಚ್ಚುವವರೆಗೆ ಈ ಮನುಷ್ಯ ಬದುಕಿರಬೇಕಲ್ಲ!

ನಮ್ಮ ರೈತನ ಉಳಿದ ಸಂಗತಿ ಹೇಳಿ ಮುಗಿಸುತ್ತೇವೆ. ನಾಲ್ಕು ತಿಂಗಳು ಬಿಟ್ಟವನು ಅಕ್ಕನ ಮಗಳ ಮದುವೆಯಲ್ಲಿ ಮತ್ತೆ ಕುಡಿದ. ಹಿಂದಿನ ಲೆಕ್ಕದಲ್ಲಿ ಅವನು ಅಲ್ಲಿಗೆ ಮುಗಿದುಹೋಗಬೇಕಿತ್ತು. ಆದರೆ ಮುಂದಿನ ಭಾನುವಾರ ಎದೆ ಗಟ್ಟಿಮಾಡಿಕೊಂಡು ಸಭೆಗೆ ಹೋಗಿ ಇದ್ದದ್ದನ್ನು ಹೇಳಿದ. ಯಾರೂ ಛೀ ಎನ್ನಲಿಲ್ಲ. ಒಬ್ಬ ಮುದುಕ ಚಹಾದ ಲೋಟ ಕೈಗಿತ್ತು, "ಬಂದೆಲ್ಲ, ಛಲೋ ಆತು. ಇವತ್ತಿಂದ ಮತ್ತ ಎಣಸು" ಎಂದನಂತೆ. ಎಣಿಸುತ್ತ ಎಣಿಸುತ್ತ ಈಗ ಮೂರು ವರ್ಷ ದಾಟಿದೆ. ನಮ್ಮೆದುರು ಮಾಡಿದ ಆಣೆ ಮುರಿದಾಗ ಅವನಿಗೆ ಮರಳಲು ಜಾಗವಿರಲಿಲ್ಲ. ಅಲ್ಲಿ ಮರಳಲು ಜಾಗವಿತ್ತು. ಭೇದ ಇರುವುದು ಇಷ್ಟರಲ್ಲಿಯೇ.

ಒಂದು ದಿನ ಅವನು ಮತ್ತೊಬ್ಬನನ್ನು ಜೊತೆಗೆ ಕರೆದುಕೊಂಡು ಮಠಕ್ಕೆ ಬಂದ. ಪಟ್ಟಣ ದೂರ, ರಾತ್ರಿ ಬಸ್ಸಿಲ್ಲ, ವಾರಕ್ಕೊಮ್ಮೆ ಕೂರಲು ಇಲ್ಲಿಯೇ ಜಾಗ ಸಿಕ್ಕೀತೆ ಎಂದು ಕೇಳಿದ. ದಾಸೋಹದ ಅಡುಗೆಮನೆಯ ಪಕ್ಕದ ಕೋಣೆ ಕೊಟ್ಟೆವು. ಉದ್ಘಾಟನೆಗೆ ನಾವು ಬಂದು ಆಶೀರ್ವಚನ ನೀಡುತ್ತೇವೆ ಎಂದಾಗ ಅವನು ತಲೆ ಕೆರೆದುಕೊಂಡು, "ನೀವು ಬಂದು ಕುಂತ್ರ ಯಾರೂ ಬಾಯಿ ಬಿಡೂದಿಲ್ರಿ" ಎಂದ. ಕೀಲಿಕೈ ಅವನ ಕೈಗೆ ಕೊಟ್ಟೆವು. ಬಾಡಿಗೆ ಬೇಡವೆಂದೆವು. ಹೊರಗಿನವರ ಋಣದಲ್ಲಿ ಕೂಟ ನಡೆಸಬಾರದೆಂಬುದು ತಮ್ಮ ನಿಯಮವೆಂದು ತಿಂಗಳಿಗೆ ಐವತ್ತು ರೂಪಾಯಿ ಇಟ್ಟು ಹೋಗುತ್ತಾರೆ. ಮಠದಲ್ಲಿ ಬಾಡಿಗೆಯೆ ಎಂದು ನಮ್ಮ ಕಾರಭಾರಿಗಳಿಗೆ ಬೇಸರವಾಯಿತು. ತೆಗೆದುಕೊಳ್ಳಿರಿ ಎಂದೆವು. ಮನೆಯ ಕಾಳು ಮಾರಿ ಕುಡಿದವನು ತನ್ನ ದುಡಿಮೆಯ ಹಣ ಎಣಿಸಿ ಇಡುವುದೂ ಅವನ ಔಷಧವೇ.

ಗುರುವಾರ ಸಂಜೆ ಎಂಟೊಂಬತ್ತು ಜನ ಬರುತ್ತಾರೆ. ಯಾರು ಬಂದರೆಂದು ನಾವು ಕೇಳುವುದಿಲ್ಲ. ಆ ಹೊತ್ತಿಗೆ ನಾವು ಪಡಸಾಲೆಯ ಈ ತುದಿಯಲ್ಲಿಯೇ ಇರುತ್ತೇವೆ. ಇಂದಿಗೂ ತಾಯಂದಿರು ಆಣೆ ಮಾಡಿಸಿರೆಂದು ಬಂದಾಗ ನಾವು ವಿಭೂತಿ ಹಚ್ಚುತ್ತೇವೆ, ತಲೆಯ ಮೇಲೆ ಕೈಯಿಡುತ್ತೇವೆ, ಆದರೆ ಆಣೆ ಮಾಡಿಸುವುದಿಲ್ಲ. ಮೊದಲು ವೈದ್ಯರನ್ನು ಕಂಡು ಬಾ, ಗುರುವಾರ ಆ ಕೋಣೆಗೆ ಹೋಗು, ಬಿದ್ದರೂ ಬಾ, ಎದ್ದರೂ ಬಾ ಎಂದು ಹೇಳಿ ಕಳಿಸುತ್ತೇವೆ.

ನಮ್ಮ ನಾಡಿನಲ್ಲಿ ಮಠಗಳಿಗೆ, ಗುಡಿಗಳಿಗೆ, ಸಮುದಾಯ ಭವನಗಳಿಗೆ ಕೊರತೆಯಿಲ್ಲ. ವಾರದಲ್ಲಿ ಒಂದು ಸಂಜೆ, ಒಂದು ಕೋಣೆ, ಒಂದು ಚಾಪೆ, ಕುಡಿಯುವ ನೀರಿನ ಒಂದು ಕೊಡ. ಇಷ್ಟನ್ನು ಪ್ರತಿಯೊಂದು ಹೋಬಳಿಯಲ್ಲಿ ಯಾರಾದರೊಬ್ಬರು ಕೊಟ್ಟರೂ ಸಾಕು. ಕೂಟ ಕೂಡಲು ಇಬ್ಬರಿದ್ದರೂ ನಡೆಯುತ್ತದೆ. ಆಕ್ರನ್ನಿನಲ್ಲಿ ಇದ್ದದ್ದೂ ಇಬ್ಬರೇ. ಕೊಟ್ಟ ಮೇಲೆ ಕೀಲಿಕೈಯನ್ನೂ ಅವರಿಗೇ ಕೊಟ್ಟು ನಾವು ಹಿರಿಯರೆನಿಸಿಕೊಂಡವರು ಸ್ವಲ್ಪ ದೂರ ನಿಲ್ಲುವುದನ್ನು ಕಲಿಯೋಣ. ಬಿದ್ದವರು ಏಳಲಿ, ಎದ್ದವರು ಮತ್ತೊಬ್ಬರ ಕೈ ಹಿಡಿಯಲಿ, ಅವರ ಮನೆಗಳಲ್ಲಿ ಸಂಜೆಯ ಒಲೆ ಹೊತ್ತಿಗೆ ಸರಿಯಾಗಿ ಉರಿಯಲಿ.